ಮಗಳಿಗೊಂದು ಪತ್ರ: ಮರಿ ಬಾಡು, ಕುರಿ ಬಾಡು

ಪುಟ್ಟಿ,

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. "ಅಪ್ಪ, ಅಮ್ಮ ಹೇಳಿದ ಅಳತೆಯಲ್ಲೇ ಮಸಾಲೆ ರುಬ್ಬಿದೆ. ಆರು ವಿಸಿಲ್ ಕೂಗಿಸಿದೆ. ಬಾಡೆಲ್ಲ ಕರಗಿ ಹೋಯ್ತು, ಸಾರಲ್ಲಿ ಬರೀ ಮಸಾಲೆ ರುಚಿ" ಅಂದೆ. ನಿನ್ನ ಧ್ವನಿ ಸಪ್ಪಗಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತಪ್ಪು ನಿನ್ನ ಕೈಯದ್ದಲ್ಲ ಮಗಳೇ. ನೀನು ಮೆಲ್ಬರ್ನ್‌ನ ಅಂಗಡಿಯಿಂದ ತಂದದ್ದು ಲ್ಯಾಂಬ್, ಅಂದರೆ ಎಳೇ ಮರಿ. ಅಮ್ಮನ ಅಳತೆ ಇರುವುದು ಬಲಿತ ಕುರಿಗೆ.

ನಿನ್ನ ತಾತ ಕುರಿ ಕೊಳ್ಳುವಾಗ ಮೈ ಮುಟ್ಟುವ ಮೊದಲು ಬಾಯಿ ನೋಡುತ್ತಿದ್ದರು. ಎಡಗೈಯಲ್ಲಿ ದವಡೆ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಸರಿಸಿದರೆ ಮುಂದಿನ ಎಂಟು ಹಲ್ಲು ಕಾಣುತ್ತವೆ. ಎಂಟೂ ಅಕ್ಕಿಕಾಳಿನಂಥ ಹಾಲುಹಲ್ಲಾದರೆ ಅದು ಮರಿ. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಬಿದ್ದು ಅಗಲವಾದ ಹಲ್ಲು ಬರುತ್ತವೆ. ಆಗ ಅದು ಎರಡು ಹಲ್ಲಿನ ಕುರಿ. ಎರಡು ವರ್ಷದ ಹೊತ್ತಿಗೆ ನಾಲ್ಕು ಹಲ್ಲು. ನೀನಿರುವ ಆಸ್ಟ್ರೇಲಿಯಾದಲ್ಲೂ ಲೆಕ್ಕ ಹಲ್ಲಿನದ್ದೇ ನೋಡು. ಒಂದು ವರ್ಷ ದಾಟಿದರೂ, ದೊಡ್ಡ ಹಲ್ಲು ಮೇಲೆದ್ದು ಕೆಲಸಕ್ಕೆ ಬರುವ ತನಕ ಲ್ಯಾಂಬ್ ಅಂತ ಮಾರಬಹುದು ಅಂತ 2019ರ ಜುಲೈಯಲ್ಲಿ ಅಲ್ಲಿ ನಿಯಮ ಬದಲಾಯಿತು. ಲ್ಯಾಂಬ್ ಮತ್ತು ಮಟನ್ ನಡುವಿನದಕ್ಕೆ ಅಲ್ಲಿ ಹಾಗೆಟ್ ಅನ್ನುತ್ತಾರೆ. ಸಿಕ್ಕರೆ ಬಿಡಬೇಡ. ನಮ್ಮ ಸಾರಿಗೆ ಅದೇ ಸರಿ.

ಇನ್ನೊಂದು ಮಾತು. ನಮ್ಮಲ್ಲಿ ಮಟನ್ ಅಂದರೆ ಕುರಿಯೂ ಆಗಬಹುದು, ಮೇಕೆಯೂ ಆಗಬಹುದು. ಅಲ್ಲಿ ಮೇಕೆ ಬೇಕಾದರೆ ಗೋಟ್ ಅಂತಲೇ ಕೇಳಬೇಕು.

ಮರಿಯ ಬಾಡು ತಿಳಿ ಗುಲಾಬಿ, ಮೆತ್ತಗೆ, ಸ್ವಲ್ಪ ಸಿಹಿ. ಕುರಿ ಬಲಿತಷ್ಟೂ ಬಣ್ಣ ಕಡುಕೆಂಪು, ನಾರು ಗಟ್ಟಿ, ಘಮಲು ಜಾಸ್ತಿ. ಆ ಘಮಲು ಇರುವುದು ಹೆಚ್ಚಾಗಿ ಕೊಬ್ಬಿನಲ್ಲಿ. ಕೆಲವರಿಗೆ ಅದು ನಾತ. ನನಗಂತೂ ಅದಿಲ್ಲದಿದ್ದರೆ ಸಾರೇ ಅಲ್ಲ. ಮಾಂಸವನ್ನು ಎಲುಬಿಗೆ ಹಿಡಿದಿಡುವ ನಾರು ಸಣ್ಣ ಉರಿಯಲ್ಲಿ ನಿಧಾನವಾಗಿ ಕರಗಿ ಅಂಟಾಗುತ್ತದೆ. ಸಾರು ಕೈಗೆ ಅಂಟುವುದು ಅದರಿಂದಲೇ. ಮರಿಯಲ್ಲಿ ಆ ನಾರು ಇನ್ನೂ ಎಳಸು, ಬೇಗ ಕರಗುತ್ತದೆ. ನೀನು ಆರು ವಿಸಿಲ್ ಕೊಟ್ಟರೆ ಪಾಪ ಅದರಲ್ಲಿ ಉಳಿಯುವುದೇನು!

ನಮ್ಮ ಮಳವಳ್ಳಿ ಕಡೆಯ ಬಂಡೂರು ಕುರಿ ನೆನಪಿದೆಯಾ? ಗಿಡ್ಡ ಕಾಲು, ಪೀಪಾಯಿಯಂಥ ಮೈ, ಹಿಂದಿನಿಂದ ನೋಡಿದರೆ ಕಮಾನು ನಿಂತ ಹಾಗೆ. ಬನ್ನೂರು ಕುರಿ ಅಂತ ಹೆಸರಾದದ್ದೂ ಅದೇ. ಅದರ ಕೊಬ್ಬು ಮಾಂಸದ ಒಳಗೇ ಎಳೆಎಳೆಯಾಗಿ ಹರಡಿರುತ್ತದೆ. ಅದಕ್ಕೇ ಆ ಬಾಡು ಬಾಯಲ್ಲಿ ಒಣಗುವುದಿಲ್ಲ. ಅಂಥದ್ದು ಬೇರೆಲ್ಲೂ ಇಲ್ಲ ಅಂತಲೇ ನನ್ನ ಮಾತು.

ಆದರೆ ಎಲ್ಲ ಸಲವೂ ಒಳ್ಳೇ ಕುರಿ ಸಿಗುವುದಿಲ್ಲ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಹೊಸತೊಡಕಿಗೆ ಬೀದಿಯವರೆಲ್ಲ ಸೇರಿ ಒಂದು ಕುರಿ ತಂದೆವು. ಬಾಳೆ ಎಲೆ ಮೇಲೆ ಗುಡ್ಡೆ ಹಾಕಿ ಹಂಚಿಕೊಂಡೆವು. ತುಂಬಾ ಬಲಿತ ಕುರಿ. ಎಂಟು ವಿಸಿಲ್ ಆದರೂ ರಬ್ಬರ್. ನೆಂಟರು ಎಲೆ ಮುಂದೆ ಕೂತುಬಿಟ್ಟಿದ್ದರು. ನನಗೆ ಅಳು ಬರುವುದೊಂದು ಬಾಕಿ. ಅಜ್ಜಿ ಹಿತ್ತಲಿನಿಂದ ಪರಂಗಿ ಕಾಯಿ ಕೊಯ್ದು, ಸಿಪ್ಪೆ ಸಮೇತ ಎರಡು ತುಂಡು ಹಾಕಿ ಮತ್ತೆ ಒಲೆ ಮೇಲಿಟ್ಟರು. ಅವತ್ತು ಊಟವಾದಾಗ ಮೂರು ಗಂಟೆ. ಮರಿಗೆ ಮಾತ್ರ ಪರಂಗಿ ಹಾಕಬೇಡ, ಹಿಟ್ಟಾಗುತ್ತದೆ.

ಈಗ ನೀನು ಮಾಡಬೇಕಾದದ್ದು. ಸಾರಿಗೆ ತೊಡೆ ತರಬೇಡ. ಕುತ್ತಿಗೆ ಇಲ್ಲವೇ ಶೋಲ್ಡರ್, ಎಲುಬು ಸಮೇತ. ಕುಕ್ಕರ್ ಬದಿಗಿಡು, ದಪ್ಪ ತಳದ ಪಾತ್ರೆ ತಗೋ. ಈರುಳ್ಳಿ, ಅರಿಶಿನ, ಉಪ್ಪಿನ ಜೊತೆ ಬಾಡನ್ನು ಬಾಡಿಸು. ಅದು ಬಿಟ್ಟ ನೀರು ಇಂಗಿ ಎಣ್ಣೆ ಕಾಣುವ ತನಕ ಬಿಡಬೇಡ. ಆಮೇಲೆ ರುಬ್ಬಿದ ಮಸಾಲೆ, ಬಿಸಿನೀರು, ಮುಚ್ಚಳ. ಸಣ್ಣ ಉರಿಯಲ್ಲಿ ಒಂದು ಗಂಟೆ. ಮುಕ್ಕಾಲು ಗಂಟೆಗೇ ಒಂದು ತುಂಡು ಒತ್ತಿ ನೋಡು. ಧನಿಯಾ, ಕಾಯಿ, ಗಸಗಸೆ ಅಮ್ಮ ಹೇಳಿದಷ್ಟೇ ಇರಲಿ. ಚಕ್ಕೆ ಲವಂಗ ಅರ್ಧ ಸಾಕು, ಮರಿಯ ಸಿಹಿಯನ್ನು ಅದು ನುಂಗಿಬಿಡುತ್ತದೆ.

ಚಾಪ್ಸ್ ತಂದರೆ ಇಷ್ಟೂ ಬೇಡ. ಉಪ್ಪು, ಮೆಣಸು, ಬೆಳ್ಳುಳ್ಳಿ ಸವರಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಪ್ರತಿ ಮಗ್ಗುಲು ಮೂರು ನಾಲ್ಕು ನಿಮಿಷ. ಇಳಿಸಿ ಐದು ನಿಮಿಷ ಸುಮ್ನೆ ಬಿಡು. ನಿನ್ನ ಹತ್ತಿರ ಅಡುಗೆ ಥರ್ಮಾಮೀಟರ್ ಇದೆ ಅಲ್ವಾ, ಒಳಗೆ 63 ಡಿಗ್ರಿ ತೋರಿಸಿದರೆ ಆಯ್ತು. ಬಿಸಿಬಿಸಿಯಾಗೇ ತಿನ್ನು. ಆರಿದರೆ ಕೊಬ್ಬು ಅಂಗುಳಕ್ಕೆ ಹಿಡಿಯುತ್ತದೆ.

ಈ ಭಾನುವಾರ ಕುತ್ತಿಗೆ ತಂದು ಸಾರಿಗಿಡು. ಪಾತ್ರೆ ಒಲೆ ಮೇಲಿರುವಾಗಲೇ ವಿಡಿಯೋ ಕಾಲ್ ಮಾಡು. ಬಾಡು ಎಲುಬು ಬಿಡುತ್ತಿದೆಯಾ ಅಂತ ನಾನೇ ನೋಡಿ ಹೇಳುತ್ತೇನೆ. ಮುದ್ದೆಗೆ ಎಸರು ಆಮೇಲೆ ಇಟ್ಟರಾಯಿತು.

ನಿನ್ನ
ಅಪ್ಪ