ಐದನೇ ತರಗತಿಯ ಪೋಷಕರಿಗೆ: ‘ಉದ್ದ’ಕ್ಕೆ ಹೋದ ಅರ್ಧ ಅಂಕದ ಬಗ್ಗೆ

ಮಾನ್ಯ ಹೆತ್ತವರೇ,

ಕನ್ನಡ ಕಿರುಪರೀಕ್ಷೆಯಲ್ಲಿ ‘ನನ್ನ ಅಣ್ಣ ಉದ್ದ ಇದ್ದಾನೆ’ ಎಂದು ಬರೆದ ಮಕ್ಕಳಿಗೆ ಅರ್ಧ ಅಂಕ ಹೋದ ವಿಷಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಬಂತು. ‘ಮನೆಯಲ್ಲಿ ನಾವೆಲ್ಲ ಹೇಳುವುದೇ ಹಾಗೆ, ನಮ್ಮ ಕನ್ನಡವೇ ತಪ್ಪಾ?’ ಎಂದು ಕೇಳಿದಿರಿ. ತಪ್ಪಲ್ಲ. ತುಳುವಿನಲ್ಲಿ ಆಳು ಎತ್ತರವಿದ್ದರೂ ಉದ್ದವೇ. ಕಾಸರಗೋಡು, ಮಂಗಳೂರು ಕಡೆಯ ಆಡುಗನ್ನಡದಲ್ಲೂ ಅದು ಸಹಜ. ತರಗತಿಯಲ್ಲಿ ಮಕ್ಕಳು ಹಾಗೆ ಮಾತಾಡಿದರೆ ಯಾರೂ ತಡೆಯುವುದಿಲ್ಲ. ತಿದ್ದಿದ್ದು ಬರಹವನ್ನು ಮಾತ್ರ.

ಬರೆಯುವಾಗ, ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರೆ ಉದ್ದ, ನಿಂತ ನೆಲದಿಂದ ಮೇಲಕ್ಕೆ ಅಳೆದರೆ ಎತ್ತರ. ದೋಟಿ ಉದ್ದ, ಅಡಿಕೆ ಮರ ಎತ್ತರ. ಅದೇ ಮರವನ್ನು ಕಡಿದು ಅಂಗಳದಲ್ಲಿ ಹಾಕಿದರೆ ಅದಕ್ಕೂ ಉದ್ದವೇ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ವಿರುದ್ಧ ಪದದಲ್ಲೂ ಎಡವುತ್ತಾರೆ: ಉದ್ದ ಲಂಗಕ್ಕೆ ಗಿಡ್ಡ ಲಂಗ, ಎತ್ತರದ ಜಾಗಕ್ಕೆ ತಗ್ಗು.

ಅಳತೆ ಹೇಳಿದಾಗ ‘ಉದ್ದದ’ ಎಂದು ಬರೆಯಿಸುತ್ತೇವೆ: ಹತ್ತು ಅಡಿ ಉದ್ದದ ಹಗ್ಗ, 105 ಕಿಲೋಮೀಟರ್ ಉದ್ದದ ಚಂದ್ರಗಿರಿ ಹೊಳೆ. ಅಳತೆ ಇಲ್ಲದಿದ್ದರೆ ಉದ್ದನೆಯ ಹಗ್ಗ, ಉದ್ದ ಜಡೆ. ಗೇಣು, ಮಾರು ಬಂದರೆ ಕೂಡಿಸಿ ಗೇಣುದ್ದ, ಮಾರುದ್ದ.

ನಿಜಕ್ಕೂ ಹೆಚ್ಚು ಕಾಡುವುದು ‘ದೀರ್ಘ’. ಅದು ಉದ್ದಕ್ಕಿಂತ ‘ಒಳ್ಳೆಯ’ ಕನ್ನಡ ಎಂದುಕೊಂಡು ಮಕ್ಕಳು ‘ದೀರ್ಘ ಕೋಲು’ ಎಂದು ಬರೆಯುತ್ತಾರೆ. (ಕೆಲವು ಮನೆಗಳಲ್ಲಿ ದೊಡ್ಡವರೇ ಹಾಗೆ ತಿದ್ದಿ ಕಳಿಸಿದ್ದೂ ಉಂಟು.) ದೀರ್ಘ ಹೊಂದುವುದು ಹೆಚ್ಚಾಗಿ ಕಾಲಕ್ಕೆ ಮತ್ತು ಸಂಸ್ಕೃತ ಪದಗಳ ಜೊತೆಗೆ: ದೀರ್ಘ ಕಾಲ, ದೀರ್ಘ ಪ್ರಯಾಣ, ದೀರ್ಘಾಯುಷ್ಯ. ಕೋಲಿಗೆ ಉದ್ದವೇ ಸರಿ. ಹಾಗೆಯೇ, ಮಲಯಾಳದ ‘ನೀಳಂ’ ದಿನವೂ ಕಿವಿಗೆ ಬೀಳುವುದರಿಂದ ‘ಬೆಂಚಿನ ನೀಳ’ ಎಂದು ಬರೆಯುವವರಿದ್ದಾರೆ. ಕನ್ನಡದಲ್ಲಿ ನೀಳ ಎಂದರೆ ಉದ್ದದ ಜೊತೆ ಸ್ವಲ್ಪ ಚೆಲುವೂ ಸೇರಿರಬೇಕು. ಮೂಗು, ಬೆರಳು, ಕೂದಲಿಗೆ ಸರಿ, ಬೆಂಚಿಗೆ ಬೇಡ.

ಕಳೆದ ಅರ್ಧ ಅಂಕವನ್ನು ಮತ್ತೆ ಸೇರಿಸುವುದಿಲ್ಲ. ಹಾಗೆಂದು ಮಗು ಹಿಂದೆ ಬಿದ್ದಿದೆ ಎಂದಲ್ಲ, ಮನೆಮಾತು ಕೀಳು ಎಂದಂತೂ ಅಲ್ಲವೇ ಅಲ್ಲ. ಸಂಭಾಷಣೆ ಬರೆಯುವ ಪ್ರಶ್ನೆಯಲ್ಲಿ ಅಜ್ಜಿಯ ಬಾಯಲ್ಲಿ ‘ಉದ್ದದ ಮಾಣಿ’ ಬಂದರೆ ಪೂರ್ತಿ ಅಂಕ ಕೊಡುತ್ತೇವೆ, ಆ ಮಾತಿಗೆ ಜಾಗ ಅಲ್ಲಿದೆ. ಆದರೆ ಮುಂದಿನ ತರಗತಿಗಳಲ್ಲಿ ಉತ್ತರ ಪತ್ರಿಕೆ ನೋಡುವವರು ನಮ್ಮ ಊರಿನವರೇ ಆಗಿರಬೇಕೆಂದಿಲ್ಲ. ಆಗ ಹೋಗುವ ಅಂಕಕ್ಕಿಂತ ಈಗಿನ ಅರ್ಧ ಅಂಕ ಅಗ್ಗ.

ತಿದ್ದಿದ ಪುಟಕ್ಕೆ ಸಹಿ ಹಾಕಿ ಸೋಮವಾರ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ಇತಿ,
ಮುಖ್ಯೋಪಾಧ್ಯಾಯರು