ಬೆಲ್ ಹೊಡೆಯುವ ಮೊದಲಿನ ಅರ್ಧ ಗಂಟೆ

ವಿದ್ಯಾರ್ಥಿಯೊಬ್ಬರು ಆತ್ಮಹತ್ಯೆಯಿಂದ ತೀರಿಕೊಂಡರೆ ಶಾಲೆ ಏನು ಮಾಡಬೇಕು ಎಂಬ ತರಬೇತಿ ಮುಗಿದಿದೆ. ಮನಸ್ಸು ಗಟ್ಟಿ ಮಾಡಿಕೊಂಡು ಕೂತ ಶಿಕ್ಷಕರಿಗೆ, ಕ್ಲರ್ಕ್‌ಗಳಿಗೆ, ಆಯಾಗಳಿಗೆ, ಬಸ್ ಡ್ರೈವರ್‌ಗಳಿಗೆ, ಬಿಸಿಯೂಟದ ಅಮ್ಮಂದಿರಿಗೆ ನಮಸ್ಕಾರ. ಮೇಷ್ಟ್ರಿಗೆ ಹೇಳದ್ದನ್ನು ಮಕ್ಕಳು ಎಷ್ಟೋ ಸಲ ಬಸ್ಸಿನಲ್ಲಿ ಹೇಳುತ್ತಾರೆ.

ಮುಖ್ಯೋಪಾಧ್ಯಾಯರಿಗೆ ಒಂದು ಕೈ ಹೆಚ್ಚು ಧನ್ಯವಾದ, ರಜೆ ಘೋಷಿಸುವ ರೂಢಿ ಬಿಡಲು ಒಪ್ಪಿದ್ದಕ್ಕೆ. ರಜೆ ಕೊಟ್ಟರೆ ಮಕ್ಕಳು ಮನೆಯಲ್ಲಿ ಒಂಟಿ, ಕೈಯಲ್ಲಿ ವಾಟ್ಸಾಪ್. ಅದರ ಬದಲು ಮೊದಲು ಮನೆಯವರಿಂದ ಸುದ್ದಿ ಖಚಿತವಾಗಲಿ. ಬೆಲ್‌ಗೆ ಅರ್ಧ ಗಂಟೆ ಮುಂಚೆ ಸಿಬ್ಬಂದಿ ಸೇರಲಿ. ನಾಲ್ಕೈದು ವಾಕ್ಯ ಬರೆದುಕೊಂಡು ಪ್ರತಿ ತರಗತಿಗೆ ಇಬ್ಬರು ಹೋಗಲಿ: ಒಬ್ಬರು ಹೇಳಲು, ಇನ್ನೊಬ್ಬರು ಅಳುತ್ತ ಎದ್ದುಹೋದ ಮಗುವಿನ ಹಿಂದೆ ಹೋಗಲು. ಪ್ರಾರ್ಥನೆಯ ಮೈಕಿನಲ್ಲಿ ಹೇಳಿದರೆ ಯಾರ ಮುಖ ಬಿಳಿಚಿತೆಂದು ಕಾಣುವುದಿಲ್ಲ. ಹೇಗೆ ಸತ್ತರು, ಚೀಟಿಯಲ್ಲಿ ಏನಿತ್ತು ಎಂಬ ಮಾತು ಬೇಡ. ಕಾರಣ ಹೇಳಬೇಡಿ ಎಂದು ಮನೆಯವರು ಕೇಳಿಕೊಂಡರೆ, ‘ಮನೆಯವರು ಹೇಳಬೇಡಿ ಎಂದಿದ್ದಾರೆ’ ಎಂದಷ್ಟೇ ಹೇಳಿ. ಜ್ವರ ಬಂದಿತ್ತೆಂದು ಕಥೆ ಕಟ್ಟಬೇಡಿ. ಸಂಜೆಯೊಳಗೆ ಆ ಸುಳ್ಳು ಬಯಲಾದರೆ ನಿಮ್ಮ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ.

ಕಚೇರಿಯವರ ಕೆಲಸ ಕಣ್ಣಿಗೆ ಬೀಳದು. ಗೈರುಹಾಜರಿಯ ಎಸ್‌ಎಂಎಸ್, ಫೀಸಿನ ನೆನಪೋಲೆ ತಾನಾಗಿ ಹೋಗುವಂತಿದ್ದರೆ ಅಂದೇ ನಿಲ್ಲಿಸಿ. ಮಗನನ್ನು ಕಳೆದುಕೊಂಡ ತಾಯಿಯ ಮೊಬೈಲಿಗೆ ‘ನಿಮ್ಮ ಮಗ ಇಂದು ಬಂದಿಲ್ಲ’ ಎಂದು ಹೋಗಬಾರದು.

ತೀರಿಕೊಂಡ ಮಗುವಿನ ಬೆಂಚನ್ನು ರಾತ್ರೋರಾತ್ರಿ ಎತ್ತಬೇಡಿ. ಕೆಲವು ದಿನ ಬಿಟ್ಟು, ಮಕ್ಕಳಿಗೆ ಹೇಳಿಯೇ ಜಾಗ ಬದಲಿಸಿ. ಶ್ರದ್ಧಾಂಜಲಿ ವಿಷಯಕ್ಕೆ ಬಿಸಿ ಚರ್ಚೆಯೇ ಆಯಿತು. ಅಪಘಾತದಲ್ಲಿ ಸತ್ತ ಮಗುವಿಗೆ ಮಾಡುವಷ್ಟೇ ಇಲ್ಲೂ ಮಾಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ದೊಡ್ಡ ಫೋಟೊ, ಹಾರ, ಭಾಷಣ ಕಂಡಾಗ, ನೋವಿನಲ್ಲಿರುವ ಇನ್ನೊಂದು ಮಗುವಿಗೆ ಸತ್ತರೇ ಬೆಲೆ ಅನಿಸಬಹುದು.

ಗಮನ ಇಡಬೇಕಾದ್ದು ಆಪ್ತ ಗೆಳೆಯರ ಮೇಲೆ ಮಾತ್ರವಲ್ಲ. ಕೊನೆಯ ದಿನ ಜಗಳವಾಡಿದವರು, ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದವರು, ಒಡಹುಟ್ಟಿದವರೂ ಇದ್ದಾರೆ. ‘ಸಾಯಬೇಕು ಅನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿ ಬಿಡಬೇಡಿ, ಗುಟ್ಟಾಗಿಡುವ ಮಾತು ಕೊಡಬೇಡಿ. ಪೋಷಕರನ್ನು ಕರೆಸಿ, ಮಾನಸಿಕ ಆರೋಗ್ಯ ತಜ್ಞರ ಬಳಿಗೆ ತಲುಪಿಸಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಇದು ಶಿಕ್ಷಕರಿಗೂ ಹೌದು.

ಹುಟ್ಟುಹಬ್ಬ, ಫಲಿತಾಂಶದ ದಿನ, ವರ್ಷದ ತಿಥಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರಿಗೆ ವಿಶೇಷ ವಂದನೆ. ಜೂನ್‌ನಲ್ಲಿ ತರಗತಿ ಬದಲಾಗುವಾಗ ಆ ಗುರುತುಗಳನ್ನು ಹೊಸ ಶಿಕ್ಷಕರ ಕೈಗೆ ದಾಟಿಸಿ.