ರಾಗಿಯ ತವರಿಗೂ ಒಂದು ಪುಟ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಆಫ್ರಿಕಾ ಪ್ರವಾಸದ ಲೇಖನ ಓದಿದೆ. ಎರಡು ಪುಟ, ಏಳು ಚಿತ್ರ. ಸಿಂಹ, ಆನೆ, ಜಿರಾಫೆ, ಚಿರತೆ, ನದಿ ದಾಟುವ ವಿಲ್ಡೆಬೀಸ್ಟ್ ಹಿಂಡು, ಮತ್ತೆ ಸಿಂಹ. ಏಳನೆಯದರಲ್ಲಿ ಮಾತ್ರ ಮನುಷ್ಯರಿದ್ದರು. ಕೆಂಪು ಬಟ್ಟೆ ತೊಟ್ಟು ಕುಣಿಯುತ್ತಿದ್ದ ಮಸಾಯಿ ಬುಡಕಟ್ಟಿನ ಹುಡುಗರು. ಅವರ ಊಟ ಏನು, ಮಾತು ಯಾವುದು, ಮನೆ ಎಲ್ಲಿ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಬರೆದವರ ಮೇಲೆ ನನಗೆ ದೂರಿಲ್ಲ, ಕಾಡನ್ನು ಪ್ರೀತಿಯಿಂದಲೇ ಬರೆದಿದ್ದಾರೆ. ಆದರೆ 54 ದೇಶಗಳಿರುವ ಖಂಡದಿಂದ ನಮ್ಮ ಕನ್ನಡ ಓದುಗರಿಗೆ ವರ್ಷವರ್ಷವೂ ಸಿಗುತ್ತಿರುವುದು ಇಷ್ಟೇ. ಅದನ್ನು ಹೇಳದೆ ಇರಲಾರದೆ ಈ ಪತ್ರ ಬರೆಯುತ್ತಿದ್ದೇನೆ.

2010ರಿಂದ 2014ರವರೆಗೆ ನಾನು ಇಥಿಯೋಪಿಯಾದ ಬಹಿರ್ ದಾರ್ ಊರಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದೆ. ತಾನಾ ಎಂಬ ದೊಡ್ಡ ಸರೋವರದ ದಡದ ಊರು ಅದು. ನೀಲಿ ನೈಲ್ ಅಲ್ಲಿಂದಲೇ ಹೊರಡುತ್ತದೆ. ಆಪು ಹುಲ್ಲಿನಲ್ಲಿ ಹೆಣೆದ ದೋಣಿಗಳಲ್ಲಿ ಜನ ಇಂದಿಗೂ ಸೌದೆ ಸಾಗಿಸುತ್ತಾರೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ಭಾರತದ ಮೇಷ್ಟ್ರುಗಳು ಆ ದೇಶಕ್ಕೆ ಹೋಗುತ್ತಿದ್ದಾರೆ. ಹಾಗಾಗಿ ಬಸ್ಸಿನಲ್ಲಿ ಪಕ್ಕ ಕೂತ ವಯಸ್ಸಾದವರು ನನ್ನ ಸೀರೆ ನೋಡಿ, ‘ನನಗೆ ಗಣಿತ ಹೇಳಿಕೊಟ್ಟವರು ಇಂಡಿಯಾದವರು’ ಎಂದು ಕೈ ಹಿಡಿದುಕೊಂಡಿದ್ದು ಒಂದೆರಡು ಸಲವಲ್ಲ.

ಆ ಊರು ಸೇರಿದ ಎರಡನೆಯ ವಾರ ಶನಿವಾರದ ಸಂತೆಗೆ ಹೋದೆ. ಗೋಣಿತಾಟಿನ ಮೇಲೆ ಸುರಿದಿದ್ದ ಕಾಳಿನ ರಾಶಿಯೊಂದರ ಮುಂದೆ ಕಾಲು ತಾನಾಗಿ ನಿಂತಿತು. ಬೊಗಸೆಯಲ್ಲಿ ಎತ್ತಿ ಊದಿದೆ. ಹೊಟ್ಟು ಹಾರಿ, ಕೆಂಪು ಕಾಳು ಅಂಗೈಯಲ್ಲಿ ಉಳಿಯಿತು. ರಾಗಿ! ಮಾರುತ್ತಿದ್ದಾಕೆ ‘ದಾಗುಸಾ’ ಎಂದಳು. ಪಕ್ಕದ ಚೀಲದಲ್ಲಿ ಕಪ್ಪಗೆ ಮಿನುಗುತ್ತಿದ್ದುದು ಹುಚ್ಚೆಳ್ಳು. ಅದಕ್ಕೆ ಅವರು ‘ನೂಗ್’ ಅನ್ನುತ್ತಾರೆ, ಎಣ್ಣೆ ತೆಗೆಯುತ್ತಾರೆ. ನಾನು ತಿಪಟೂರು ಸೀಮೆಯ ರೈತರ ಮನೆಯ ಮಗಳು. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು, ಅವರೆ, ತೊಗರಿ ಹಾಕುವುದನ್ನು ನೋಡುತ್ತ ಬೆಳೆದವಳು. ರಾಗಿ ನಮ್ಮದೇ ನೆಲದಲ್ಲಿ ಹುಟ್ಟಿದ್ದು ಎಂದು ಅಲ್ಲಿಯವರೆಗೆ ನಂಬಿದ್ದೆ. ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಮೊದಲು ಸಾಗುವಳಿಯಾಗಿ, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು ಅದು. ಹುಚ್ಚೆಳ್ಳಿನ ತವರೂ ಇಥಿಯೋಪಿಯಾವೇ. ಕಾಫಿಯದು ಹೇಗೂ ಗೊತ್ತಿರುವ ಕಥೆ: ಅದರ ನೈಋತ್ಯದ ಕಾಡುಗಳಿಂದ ಯೆಮನ್‌ಗೆ, ಯೆಮನ್‌ನಿಂದ ಬಾಬಾಬುಡನ್ ಗಿರಿಗೆ. ನಮ್ಮ ಮುದ್ದೆ, ನಮ್ಮ ಹುಚ್ಚೆಳ್ಳು ಚಟ್ನಿಪುಡಿ, ನಮ್ಮ ಫಿಲ್ಟರ್ ಕಾಫಿ, ಮೂರರ ತವರೂ ಆ ಕಡೆಯೇ ಅಂದಮೇಲೆ ಆ ಸೀಮೆಯ ಬಗ್ಗೆ ನಾವು ಒಂದು ಪುಟವನ್ನೂ ಓದಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಆ ಸಂಜೆಯೇ ಎರಡು ಕಿಲೋ ಬೀಸಿಸಿಕೊಂಡು ಬಂದು ಮುದ್ದೆ ಮಾಡಿದೆ. ಮನೆ ಒಡತಿಯನ್ನು ಬೀದಿಯವರೆಲ್ಲ ‘ಎಮಾಮಾ’ ಅನ್ನುತ್ತಿದ್ದರು, ನಮ್ಮ ಕಡೆ ಹಿರಿಯರನ್ನು ಅಮ್ಮಾವ್ರೇ ಅನ್ನುವ ಹಾಗೆ. ನಾನು ಕೋಲಿನಲ್ಲಿ ತಿರುವುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ‘ಗೆನ್ಫೊ! ಗೆನ್ಫೊ!’ ಎಂದು ಒಳಗೇ ಬಂದುಬಿಟ್ಟರು. ಗೆನ್ಫೊ ಅವರ ಮುದ್ದೆ. ಹೆಚ್ಚಾಗಿ ಬಾರ್ಲಿ ಹಿಟ್ಟಿನದು. ಬಟ್ಟಲಲ್ಲಿ ಗುಡ್ಡೆಯಾಗಿ ಹಾಕಿ, ನಡುವೆ ಗುಂಡಿ ಮಾಡಿ, ಮಸಾಲೆ ಹಾಕಿ ಕಾಯಿಸಿದ ತುಪ್ಪವನ್ನೂ ಬೆರ್ಬೆರೆ ಎಂಬ ಕೆಂಪು ಕಾರದ ಪುಡಿಯನ್ನೂ ಅದರೊಳಗೆ ಸುರಿಯುತ್ತಾರೆ. ಬಾಣಂತಿಯರಿಗೆ ತಪ್ಪದೆ ಕೊಡುತ್ತಾರೆ. ನನ್ನ ಮುದ್ದೆಯ ನೆತ್ತಿಯಲ್ಲಿ ಎಮಾಮಾ ತಾವೇ ಹೆಬ್ಬೆರಳಿನಿಂದ ಗುಂಡಿ ಮಾಡಿ ತುಪ್ಪ ಹಾಕಿದರು. ಅಗಿಯದೆ ನುಂಗಬೇಕು ಎಂದು ನಾನು ಕೈಸನ್ನೆಯಲ್ಲಿ ತೋರಿಸಿದೆ. ಒಂದು ತುತ್ತು ನುಂಗಿ ಕಣ್ಣರಳಿಸಿದರು. ಆಮೇಲೆ ಇನ್ನೊಂದು ತುತ್ತು ಮುರಿದು ನನ್ನ ಬಾಯಿಗೇ ಇಟ್ಟರು. ಇದಕ್ಕೆ ‘ಗುರ್ಶಾ’ ಎಂಬ ಹೆಸರೇ ಇದೆ. ಮನೆಗೆ ಬಂದವರ ಬಾಯಿಗೆ ಕೈತುತ್ತು ಇಡುವುದು ಅಲ್ಲಿ ಪ್ರೀತಿಯ ಗುರುತು, ಗೌರವದ ಗುರುತು. ಮದುವೆಯಾಗಿ ತವರು ಬಿಟ್ಟ ಮೇಲೆ ನನ್ನ ಬಾಯಿಗೆ ಹಾಗೆ ತುತ್ತಿಟ್ಟವರು ಅವರೊಬ್ಬರೇ.

‘ಆಫ್ರಿಕಾದಲ್ಲಿ ನಾವು ಸಸ್ಯಾಹಾರಿಗಳು ಏನು ತಿನ್ನೋದು?’ ಎಂದು ಕೇಳುವವರು ಬಹಳ. ಅವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಈಸ್ಟರ್‌ಗೆ ಮುಂಚೆ 55 ದಿನ ದೊಡ್ಡ ಉಪವಾಸ. ಆ ದಿನಗಳಲ್ಲಿ ಮಾಂಸ, ಮೊಟ್ಟೆ ಇರಲಿ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಹೋಟೆಲಿಗೆ ಹೋಗಿ ‘ಯೆತ್ಸೋಮ್ ಬೆಯಾಯ್ನೆತು’ ಎಂದರೆ ಸಾಕು, ಅಗಲವಾದ ತಟ್ಟೆ ತುಂಬ ಇಂಜೆರಾ ಹಾಸಿ, ಅದರ ಮೇಲೆ ಸುತ್ತಲೂ ಮಸೂರ್ ಬೇಳೆಯ ಕೆಂಪು ಗೊಜ್ಜು, ಅರಿಶಿನ ಹಾಕಿದ ಬಟಾಣಿ ಬೇಳೆ, ಕಡಲೆ ಹಿಟ್ಟಿನ ಶಿರೊ, ಎಲೆಕೋಸಿನ ಪಲ್ಯ, ಸೊಪ್ಪು, ಬೀಟ್‌ರೂಟ್ ಬಡಿಸಿ ತರುತ್ತಾರೆ. ‘ಬೊಜೆನಾ ಶಿರೊ’ ಎಂದು ಕೇಳಬೇಡಿ, ಅದರಲ್ಲಿ ಮಾಂಸ ಇರುತ್ತದೆ. ಇಂಜೆರಾ ಎಂದರೆ ಗಸಗಸೆಯಷ್ಟು ಸಣ್ಣ ತೆಫ್ ಎಂಬ ಧಾನ್ಯದ ಹಿಟ್ಟನ್ನು ಕಲಸಿ, ಹಳೆಯ ಹಿಟ್ಟಿನ ತಿಳಿ ಸೇರಿಸಿ, ಎರಡು ಮೂರು ದಿನ ಹುಳಿಬರಿಸಿ, ದೊಡ್ಡ ಮಣ್ಣಿನ ಕಾವಲಿಯ ಮೇಲೆ ಸುತ್ತಿ ಹುಯ್ಯುವ ದೋಸೆ. ಮಗುಚಿ ಹಾಕುವುದಿಲ್ಲ. ಮುಚ್ಚಳ ಮುಚ್ಚಿ ಬೇಯಿಸುತ್ತಾರೆ, ಮೇಲೆಲ್ಲ ತೂತು ಬೀಳುತ್ತದೆ. ಆ ತೂತಿಗೆ ಅವರು ‘ಕಣ್ಣು’ ಅನ್ನುತ್ತಾರೆ. ಕಣ್ಣು ಸಮನಾಗಿ ಬಿಡದಿದ್ದರೆ ಮಾಡಿದಾಕೆಯ ಕೈಗೇ ಮಾತು ಬರುತ್ತದೆ, ನಮ್ಮಲ್ಲಿ ದೋಸೆ ಕಾವಲಿಗೆ ಹಿಡಿದರೆ ಅನ್ನುವ ಹಾಗೆ. ಮೊದಲ ವಾರ ಹುಳಿ ಜಾಸ್ತಿ ಅನ್ನಿಸಿತು. ಎರಡನೆಯ ತಿಂಗಳಿಗೆ ಅದಿಲ್ಲದೆ ಊಟ ಸೇರದಾಯಿತು.

ಮಧ್ಯಾಹ್ನದ ಮೇಲೆ ಯಾವ ಓಣಿಯಲ್ಲಿ ನಡೆದರೂ ಕಾಫಿ ಹುರಿಯುವ ವಾಸನೆ. ‘ಬುನಾ’ ಅಂದರೆ ಕಾಫಿ. ಅದು ಐದು ನಿಮಿಷದ ಕೆಲಸವಲ್ಲ. ನೆಲದ ಮೇಲೆ ಹಸಿ ಹುಲ್ಲು ಹರಡಿ, ಕೆಂಡದ ಮೇಲೆ ಹಸಿರು ಬೀಜವನ್ನು ಅಲ್ಲೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಪ್ರತಿಯೊಬ್ಬರ ಮುಖದ ಹತ್ತಿರ ತರುತ್ತಾರೆ. ಮಂಗಳಾರತಿ ತೆಗೆದುಕೊಳ್ಳುವಂತೆ ಕೈಯಾಡಿಸಿ ಆ ಹೊಗೆಯನ್ನು ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಉದ್ದ ಕತ್ತಿನ ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಜೊತೆಗೆ ಜೋಳದ ಅರಳು ಅಥವಾ ಹುರಿದ ಬಾರ್ಲಿ. ಮೂರು ಸುತ್ತು: ಅಬೊಲ್, ತೊನಾ, ಬೆರೆಕಾ. ಮೂರನೆಯದು ಆಶೀರ್ವಾದದ್ದು, ಅದಕ್ಕೆ ಮುಂಚೆ ಎದ್ದರೆ ಮನೆಯವರಿಗೆ ಬೇಸರ. ಬೀದಿಯ ಜಗಳಗಳು ಬಗೆಹರಿಯುತ್ತಿದ್ದುದೂ, ಹೆಣ್ಣು ಗಂಡಿನ ಮಾತು ಶುರುವಾಗುತ್ತಿದ್ದುದೂ ಆ ಮೂರು ಬಟ್ಟಲುಗಳ ನಡುವೆಯೇ. ನನ್ನ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಎಮಾಮಾ ಏನೂ ಕೇಳದೆ ಹುಲ್ಲು ಹರಡಿ ಕೆಂಡ ಹಾಕಿದರು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ‘ಐಜೋಶ್’ ಎಂದರು. ಧೈರ್ಯ ತಂದುಕೋ ತಾಯಿ, ನಾವಿದ್ದೇವೆ ಎಂಬಂಥ ಮಾತು ಅದು.

ಇನ್ನೊಂದು ಸಂಗತಿ, ಕನ್ನಡದವರಿಗೆ ಹೇಳಲೇಬೇಕಾದ್ದು. ಎದುರು ಮನೆಯ ಮಗು ಬೆಳಿಗ್ಗೆ ಜಗಲಿಯ ಮೇಲೆ ಕೂತು ಓದುತ್ತಿತ್ತು: ‘ಲೆ ಲು ಲಿ ಲಾ ಲೇ ಲ್ ಲೊ, ಮೆ ಮು ಮಿ ಮಾ ಮೇ ಮ್ ಮೊ...’ ಕಾಗುಣಿತ! ಅವರ ಗೀಜ್ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಏಳು ರೂಪ, ಮೂಲ ಅಕ್ಷರಕ್ಕೇ ಸಣ್ಣ ಕೊಂಬು, ಬಾಲ ಸೇರಿಸಿ ಬರೆಯುತ್ತಾರೆ. ಕಾಗುಣಿತ ಬಲ್ಲ ನನಗೆ ಮೂರು ವಾರದಲ್ಲಿ ಅಂಗಡಿಯ ಬೋರ್ಡು ಓದಲು ಬಂತು. ವರ್ಷಕ್ಕೆ ಅವರಿಗೆ ಹದಿಮೂರು ತಿಂಗಳು, ಮೂವತ್ತು ದಿನಗಳ ಹನ್ನೆರಡು, ಕೊನೆಯದು ಐದೋ ಆರೋ ದಿನದ್ದು. ನಾನು ಹೋದ 2010ರ ಸೆಪ್ಟೆಂಬರ್ 11ರಂದು ಅಲ್ಲಿ 2003ನೇ ಇಸವಿ ಹುಟ್ಟಿತು. ಗಂಟೆಯನ್ನೂ ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ, ನಮ್ಮ ಏಳು ಗಂಟೆ ಅವರಿಗೆ ಒಂದು. ಗಳಿಗೆ ಲೆಕ್ಕ ಹಾಕುತ್ತಿದ್ದ ನನ್ನ ಅಜ್ಜನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಲಾಲಿಬೆಲಾಕ್ಕೆ ಹೋದದ್ದು ಜನವರಿ 7ರ ಅವರ ಕ್ರಿಸ್‌ಮಸ್‌ಗೆ. ಬಂಡೆಯಲ್ಲಿ ಕಡೆದ ಹನ್ನೊಂದು ಚರ್ಚುಗಳು, ಎಂಟುನೂರು ವರ್ಷ ಹಳೆಯವು. ಸಂತ ಜಾರ್ಜರ ಚರ್ಚಿನ ಹತ್ತಿರ ಹೋದಾಗ ಮೊದಲು ಏನೂ ಕಾಣಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ಕಾಲ ಬಳಿ ನೆಲ ಬಾಯ್ದೆರೆದಿತ್ತು. ಆ ಆಳದಲ್ಲಿ ಶಿಲುಬೆಯಾಕಾರದ ಇಡೀ ಕಟ್ಟಡ, ಚಾವಣಿ ನಮ್ಮ ಕಾಲ ಮಟ್ಟಕ್ಕೆ. ನಮ್ಮ ರಾಷ್ಟ್ರಕೂಟರು ಎಲ್ಲೋರದ ಕೈಲಾಸವನ್ನು ಮಾಡಿದಂತೆಯೇ ಮೇಲಿನಿಂದ ಕೆಳಕ್ಕೆ ಕಡೆದು ಇಳಿದಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅಂಚಿರುವ ತೆಳು ಬಿಳಿ ಹತ್ತಿ ಬಟ್ಟೆ ಹೊದ್ದ ಸಾವಿರಾರು ಜನ ರಾತ್ರಿಯಿಡೀ ಬಂಡೆಗಳ ಮೇಲೆ ಕೂತಿದ್ದರು. ಪಾದ್ರಿಗಳು ಕೆಬೆರೊ ಎಂಬ ದೊಡ್ಡ ಮದ್ದಳೆ ಬಾರಿಸುತ್ತ ನಿಧಾನವಾಗಿ ತೂಗುತ್ತಿದ್ದರು. ಮರಳುವಾಗ ಬಸ್ಸಿನಲ್ಲಿ ಹಾಕಿದ ಹಾಡು ನನಗೆ ತೀರಾ ಗುರುತಿನದು ಅನ್ನಿಸಿತು. ಸ ರಿ ಗ ಪ ದ, ಮೋಹನ ರಾಗದ ಸ್ವರಗಳು. ಅವರ ‘ತಿಜಿತಾ’ ಎಂಬ ಧಾಟಿಯ ಒಂದು ಬಗೆ ಅದು. ತಿಜಿತಾ ಎಂದರೆ ನೆನಪು, ಹಂಬಲ.

ರಾಜಧಾನಿ ಅಡಿಸ್ ಅಬಾಬಾದಲ್ಲಿ ನಾನು ರಜೆಗಳನ್ನಷ್ಟೇ ಕಳೆದವಳು. 1886ರಲ್ಲಿ ಕಟ್ಟಿದ ಊರು. 1963ರಲ್ಲಿ ಸ್ವತಂತ್ರ ಆಫ್ರಿಕಾದ ನಾಯಕರು ಸೇರಿ ತಮ್ಮ ಒಕ್ಕೂಟ ಕಟ್ಟಿದ್ದು ಅಲ್ಲೇ. ಮೆರ್ಕಾಟೊ ಪೇಟೆಯಲ್ಲಿ ‘ಮಿನಲೇಶ್ ತೆರಾ’ ಎಂಬ ಸಾಲಿದೆ, ‘ನಿನ್ನ ಹತ್ತಿರ ಏನಿದೆ’ ಎಂದು ಅದರ ಅರ್ಥ. ಹಳೆ ಟೈರು ಚಪ್ಪಲಿಯಾಗುವುದನ್ನೂ ಎಣ್ಣೆ ಡಬ್ಬ ಒಲೆಯಾಗುವುದನ್ನೂ ಅಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ನಗರದ ನಡುವೆ ಆಗ ಹಳಿ ಹಾಕುತ್ತಿದ್ದ ರೈಲು 2015ರಲ್ಲಿ ಓಡತೊಡಗಿತು. ರಾಷ್ಟ್ರೀಯ ಮ್ಯೂಸಿಯಂನಲ್ಲಿ 32 ಲಕ್ಷ ವರ್ಷ ಹಿಂದಿನ ಲೂಸಿ ಎಂಬ ಮಾನವ ಪೂರ್ವಜೆಯ ಎಲುಬುಗಳ ಪ್ರತಿಕೃತಿ ಇದೆ. ಅವರು ಆಕೆಯನ್ನು ‘ದಿನ್ಕಿನೇಶ್’ ಅನ್ನುತ್ತಾರೆ, ‘ನೀನು ಅದ್ಭುತ’ ಎಂದು.

ನಾನು ಬಲ್ಲದ್ದು ಒಂದೇ ದೇಶ. ಮಾಲಿಯ ಜೆನ್ನೆಯಲ್ಲಿ ಮಣ್ಣಿನ ಮಹಾ ಮಸೀದಿಗೆ ಊರಿಗೆ ಊರೇ ಸೇರಿ ವರ್ಷಕ್ಕೊಮ್ಮೆ ಮಣ್ಣು ಮೆತ್ತುವುದನ್ನು, ಜಾಂಜಿಬಾರಿನ ಹಳೆ ಪೇಟೆಯ ಕೆತ್ತನೆಯ ಬಾಗಿಲುಗಳನ್ನು ಕಂಡವರು ಕನ್ನಡಿಗರಲ್ಲೇ ಇದ್ದಾರೆ. ಅವರಿಂದ ಬರೆಸಿ. ವಿಜಯಪುರದವರಿಗೆ ಹೇಳಬೇಕಾದ ಇತಿಹಾಸವೂ ಇದೆ: ಆದಿಲ್‌ಶಾಹಿ ಆಸ್ಥಾನದಲ್ಲಿ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಇಥಿಯೋಪಿಯಾ ಕಡೆಯ ಮೂಲದವನು. ದಖ್ಖನ್ನಿನಲ್ಲಿ ಮೊಘಲರನ್ನು ತಡೆದು ನಿಂತ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಬಂದವನು.

ಇದು ಬರೀ ಪ್ರವಾಸದ ಮಾತಲ್ಲ ಎಂಬುದಕ್ಕೇ ಇಷ್ಟು ಬರೆದೆ. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ವರ್ಷ ಆಫ್ರಿಕಾದ ಊರಿನಲ್ಲಿ ಒಂಟಿ ಹೆಂಗಸಾಗಿ ಇದ್ದವಳು ನಾನು, ಕತ್ತಲಾದರೆ ಯಾರಾದರೊಬ್ಬ ಹುಡುಗ ಮನೆ ತನಕ ಬಂದು ಬಿಟ್ಟು ಹೋಗುತ್ತಿದ್ದ. ನಮ್ಮ ಊರಿಗೆ ಓದಲು ಬಂದ ಅವರ ಮಕ್ಕಳನ್ನು ‘ನಿಮ್ಮ ಮನೆ ಹತ್ತಿರ ಸಿಂಹ ಬರುತ್ತಾ?’ ಎಂದು ಕೇಳುವವರನ್ನು ನಾನೇ ಬಸ್ಸಿನಲ್ಲಿ ಕಂಡಿದ್ದೇನೆ. ಆ ಪ್ರಶ್ನೆ ಕೇಳಿದವನು ಕೆಟ್ಟವನಲ್ಲ. ಚಿಕ್ಕಂದಿನಿಂದ ಅವನು ನೋಡಿದ ಚಿತ್ರಗಳೇ ಅಂಥವು.

ಇಥಿಯೋಪಿಯಾಕ್ಕೆ ಹೋಗಬೇಕೆನ್ನುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. 2020ರಿಂದ 2022ರವರೆಗೆ ಟಿಗ್ರೇ ಸೀಮೆಯಲ್ಲಿ ಘೋರ ಯುದ್ಧ ನಡೆಯಿತು. 2023ರಿಂದ ನಾನಿದ್ದ ಅಮ್ಹಾರ ಸೀಮೆಯಲ್ಲೂ ಕಾಳಗ ಶುರುವಾಯಿತು. ಬಹಿರ್ ದಾರ್, ಲಾಲಿಬೆಲಾ ಎರಡೂ ಅಲ್ಲಿಯವೇ. ಎಮಾಮಾ ಅವರ ಫೋನ್ ಕೆಲವು ವಾರ ಸಿಗುತ್ತದೆ, ಕೆಲವು ವಾರ ಸಿಗುವುದಿಲ್ಲ. ಹೊರಡುವ ಮುನ್ನ ಆ ಸೀಮೆಯ ಸ್ಥಿತಿ ಹೇಗಿದೆ ಎಂದು ವಿಚಾರಿಸಿಕೊಂಡೇ ಟಿಕೆಟ್ ಮಾಡಿಸಿ.

ನನ್ನ ಕೋರಿಕೆ ಇಷ್ಟು. ಪುರವಣಿಯಲ್ಲಿ ತಿಂಗಳಿಗೊಂದು ಪುಟವನ್ನು ಆಫ್ರಿಕಾದ ಊರುಗಳಿಗೆ, ಅಡುಗೆಮನೆಗಳಿಗೆ, ಸಂತೆಗಳಿಗೆ ಕೊಡಿ. ತಲೆಬರಹದಲ್ಲಿ ‘ಆಫ್ರಿಕಾ’ ಎಂದಷ್ಟೇ ಹಾಕದೆ ದೇಶದ ಹೆಸರು, ಊರಿನ ಹೆಸರು ಹಾಕಿ. ಅಲ್ಲಿ ದುಡಿದು ಬಂದ ಮೇಷ್ಟ್ರುಗಳು, ನರ್ಸುಗಳು, ಎಂಜಿನಿಯರುಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿದರೆ ಬರೆಯುತ್ತಾರೆ. ಸೆಪ್ಟೆಂಬರ್ 11 ಅವರ ಹೊಸ ವರ್ಷ, ‘ಎಂಕುತಾತಾಶ್’. ಮಳೆ ಮುಗಿದು ಗುಡ್ಡಗಳೆಲ್ಲ ಹಳದಿ ಹೂ ಬಿಟ್ಟಿರುತ್ತವೆ, ಹೆಣ್ಣುಮಕ್ಕಳು ಅದರ ಗೊಂಚಲು ಹಿಡಿದು ಮನೆಮನೆಗೆ ಬಂದು ಹಾಡುತ್ತಾರೆ. ಮೊದಲ ಪುಟ ಆ ವಾರಕ್ಕೆ ಬರುವಂತಾದರೆ ಲೇಖನವನ್ನೂ ಸಂತೆಯ ರಾಗಿ ರಾಶಿಯ ಚಿತ್ರವನ್ನೂ ನಾನೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ,
ತಿಪಟೂರು